ಸರ್ಕಾರಿ ಸಂಶೋಧನಾ ಅನುದಾನ, ಅರ್ಜಿಯಿಂದ ಯುಸಿಯವರೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಭಾರತದಲ್ಲಿ ಸರ್ಕಾರದ ದುಡ್ಡಿನಿಂದ ಸಂಶೋಧನೆ ಮಾಡಬೇಕೆಂದಿರುವ ಅಧ್ಯಾಪಕರು, ಸಂಶೋಧನಾ ವಿದ್ಯಾರ್ಥಿಗಳು ಮತ್ತು ಸ್ಟಾರ್ಟಪ್‌ನವರಿಗಾಗಿ ಈ ಪುಟ. ಪ್ರಸ್ತಾವ ಬರೆಯುವುದರ ಬಗ್ಗೆ ಕಾರ್ಯಾಗಾರಗಳು ಬೇಕಾದಷ್ಟು ನಡೆಯುತ್ತವೆ, ಹಣ ಬಂದ ಮೇಲಿನ ಲೆಕ್ಕದ ಬಗ್ಗೆ, ಯುಸಿ ಎಂಬ ಬಳಕೆ ಪ್ರಮಾಣಪತ್ರದ ಬಗ್ಗೆ ಯಾರೂ ಹೇಳುವುದಿಲ್ಲ. ಯೋಜನೆಗಳು ಹೆಚ್ಚಾಗಿ ಮುಗ್ಗರಿಸುವುದು ಆ ಎರಡನೇ ಭಾಗದಲ್ಲೇ ಆದ್ದರಿಂದ ಇಲ್ಲಿ ಅದಕ್ಕೇ ಜಾಗ ಹೆಚ್ಚು.

ದೇಶ ಸಂಶೋಧನೆಗೆ ಎಷ್ಟು ಖರ್ಚು ಮಾಡುತ್ತದೆ? ಅದರಲ್ಲಿ ನಮ್ಮಂಥ ಕಾಲೇಜಿನವರ ಪಾಲೆಷ್ಟು?

2020–21ರ ಅಧಿಕೃತ ಲೆಕ್ಕದಲ್ಲಿ ಒಟ್ಟು ಖರ್ಚು ಸುಮಾರು 1,27,381 ಕೋಟಿ ರೂಪಾಯಿ, ಅಂದರೆ ಜಿಡಿಪಿಯ 0.64%. ಇದರಲ್ಲಿ ಕೇಂದ್ರ ಸರ್ಕಾರದ ಪಾಲು 43.7%, ಖಾಸಗಿ ಉದ್ಯಮದ್ದು 36.4%, ಉನ್ನತ ಶಿಕ್ಷಣ ಸಂಸ್ಥೆಗಳದ್ದು 8.8%, ರಾಜ್ಯ ಸರ್ಕಾರಗಳದ್ದು 6.7%, ಸಾರ್ವಜನಿಕ ಉದ್ದಿಮೆಗಳದ್ದು 4.4%.

ಕೇಂದ್ರದ ಹಣ ಎಂದ ಕೂಡಲೇ ಅದೆಲ್ಲ ಅರ್ಜಿ ಹಾಕಿದವರಿಗೆ ಹಂಚುವ ಹಣ ಎಂದುಕೊಳ್ಳಬೇಡಿ. ಬಹುಪಾಲು ಡಿಆರ್‌ಡಿಒ, ಬಾಹ್ಯಾಕಾಶ ಇಲಾಖೆ, ಅಣುಶಕ್ತಿ ಇಲಾಖೆ, ಐಸಿಎಆರ್, ಸಿಎಸ್‌ಐಆರ್‌ಗಳ ಸ್ವಂತ ಪ್ರಯೋಗಾಲಯಗಳಿಗೆ, ಅಲ್ಲಿನ ಸಂಬಳಕ್ಕೆ ಹೋಗುತ್ತದೆ. ಹೊರಗಿನವರು ಸ್ಪರ್ಧಿಸಿ ಪಡೆಯಬಹುದಾದ ‘ಎಕ್ಸ್‌ಟ್ರಾಮ್ಯೂರಲ್’ ಹಣ ಅದರಲ್ಲಿ ಸಣ್ಣ ತುಂಡು. ನೀವು ಅರ್ಜಿ ಹಾಕುವುದು ಆ ತುಂಡಿಗೆ.

ಖಾಸಗಿ ಕಂಪನಿಗಳೇ ಮಾಡಲಿ, ಸರ್ಕಾರ ಯಾಕೆ ದುಡ್ಡು ಹಾಕಬೇಕು?

ರೋಟಾವ್ಯಾಕ್ ಲಸಿಕೆಯನ್ನೇ ನೋಡಿ. 1980ರ ದಶಕದಲ್ಲಿ ದೆಹಲಿಯ ಏಮ್ಸ್‌ನಲ್ಲಿ ನವಜಾತ ಶಿಶುಗಳಲ್ಲಿ ಮಕ್ಕಳಿಗೆ ಭೇದಿ ತರುವ ರೋಟಾವೈರಸ್‌ನ 116ಇ ಎಂಬ ತಳಿ ಸಿಕ್ಕಿತು. ಬೆಂಗಳೂರಿನ ಐಐಎಸ್‌ಸಿ ವಿಜ್ಞಾನಿಗಳಿಗೆ ಐ321 ಎಂಬ ಇನ್ನೊಂದು ಸಿಕ್ಕಿತು. ಎರಡನ್ನೂ ಲಸಿಕೆಯ ಮಟ್ಟಕ್ಕೆ ತಂದು ಪರೀಕ್ಷಿಸಿದರು. 116ಇ ಚೆನ್ನಾಗಿ ಪ್ರತಿರೋಧ ಹುಟ್ಟಿಸಿತು, ಬೆಂಗಳೂರಿನದು ಹಿಂದೆ ಬಿತ್ತು. ಲಸಿಕೆಗೆ ಪರವಾನಗಿ ಸಿಕ್ಕಿದ್ದು 2014ರಲ್ಲಿ, ರಾಷ್ಟ್ರೀಯ ಲಸಿಕಾ ಕಾರ್ಯಕ್ರಮಕ್ಕೆ ಸೇರಿದ್ದು 2016ರಲ್ಲಿ. ಸುಮಾರು ಮೂವತ್ತು ವರ್ಷ ಕಾಯಬೇಕು, ಎರಡು ದಾರಿಗಳಲ್ಲಿ ಒಂದು ಮುಚ್ಚಿಹೋಗುತ್ತದೆ, ಕಾಯಿಲೆ ಬಡವರ ಮಕ್ಕಳದ್ದು. ಯಾವ ಕಂಪನಿಯ ಆಡಳಿತ ಮಂಡಳಿ ಮೊದಲ ದಿನವೇ ಇದಕ್ಕೆ ಚೆಕ್ ಬರೆಯುತ್ತದೆ? ಕಂಪನಿ ಬಂದದ್ದು ಆಮೇಲೆ, ತಯಾರಿಕೆಯ ಹಂತಕ್ಕೆ. ಅಲ್ಲಿ ಅದರ ಕೆಲಸವೂ ದೊಡ್ಡದೇ.

ಮೊದಲು ಅನುದಾನ ಕೊಡುತ್ತಿದ್ದ ಎಸ್‌ಇಆರ್‌ಬಿ (ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ) ಎಲ್ಲಿ ಹೋಯಿತು?

ಎಎನ್‌ಆರ್‌ಎಫ್‌ನಲ್ಲಿ, ಅಂದರೆ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದಲ್ಲಿ ಲೀನವಾಯಿತು. 2023ರ ಕಾಯ್ದೆ 2024ರ ಫೆಬ್ರವರಿಯಲ್ಲಿ ಜಾರಿಗೆ ಬಂದಾಗ 2008ರ ಎಸ್‌ಇಆರ್‌ಬಿ ಕಾಯ್ದೆ ರದ್ದಾಯಿತು. ಆಡಳಿತ ಮಂಡಳಿಗೆ ಪ್ರಧಾನಮಂತ್ರಿಯೇ ಅಧ್ಯಕ್ಷರು, ಕಾರ್ಯಕಾರಿ ಸಮಿತಿಗೆ ಪ್ರಧಾನ ವೈಜ್ಞಾನಿಕ ಸಲಹೆಗಾರರು. ಐದು ವರ್ಷಕ್ಕೆ 50,000 ಕೋಟಿ ಎಂದು ಘೋಷಿಸಿದರಾದರೂ ಅದರಲ್ಲಿ 36,000 ಕೋಟಿ ಉದ್ಯಮ ಮತ್ತು ದಾನಿಗಳಂಥ ಸರ್ಕಾರೇತರ ಮೂಲಗಳಿಂದ ಬರಬೇಕೆಂಬುದು ಲೆಕ್ಕಾಚಾರ. ಪತ್ರಿಕೆಯಲ್ಲಿ ದೊಡ್ಡ ಅಂಕಿ ಕಂಡಾಗ ಈ ಭಾಗವನ್ನು ಕಳೆದು ಓದಿ.

1 ಲಕ್ಷ ಕೋಟಿಯ ಆರ್‌ಡಿಐ (ಸಂಶೋಧನೆ, ಅಭಿವೃದ್ಧಿ ಮತ್ತು ನಾವೀನ್ಯತೆ) ನಿಧಿಗೆ ನಮ್ಮ ವಿಭಾಗ ಅರ್ಜಿ ಹಾಕಬಹುದೇ?

ಇಲ್ಲ. 2025ರ ಜುಲೈನಲ್ಲಿ ಸಂಪುಟ ಒಪ್ಪಿದ ಈ ಯೋಜನೆ ಖಾಸಗಿ ವಲಯದ ಸಂಶೋಧನೆಗೆ ಕಡಿಮೆ ಬಡ್ಡಿಯ ಅಥವಾ ಬಡ್ಡಿರಹಿತ ದೀರ್ಘಾವಧಿ ಸಾಲ ಮತ್ತು ಷೇರು ಬಂಡವಾಳ ಕೊಡುವಂಥದ್ದು. ತಂತ್ರಜ್ಞಾನ ಸನ್ನದ್ಧತೆ ಮಟ್ಟ, ಅಂದರೆ ಟಿಆರ್‌ಎಲ್, 4 ಅಥವಾ ಅದಕ್ಕೂ ಮೇಲಿರಬೇಕು. ಹಣ ಎರಡನೇ ಹಂತದ ನಿಧಿ ನಿರ್ವಾಹಕರ ಮೂಲಕ ಹೋಗುತ್ತದೆ. ಅನುದಾನ ಬೇಕಿದ್ದವರು ಬೇರೆ ಬಾಗಿಲು ತಟ್ಟಬೇಕು.

ಹಾಗಾದರೆ ಯಾವ ಬಾಗಿಲು?

ವಿಷಯ ಮತ್ತು ವೃತ್ತಿಯ ಹಂತ ಇದನ್ನು ನಿರ್ಧರಿಸುತ್ತವೆ. ಹೊಸದಾಗಿ ಕಾಯಂ ಹುದ್ದೆಗೆ ಸೇರಿದ ವಿಜ್ಞಾನ–ಎಂಜಿನಿಯರಿಂಗ್ ಅಧ್ಯಾಪಕರಿಗೆ ಎಎನ್‌ಆರ್‌ಎಫ್‌ನ ಪ್ರಧಾನಮಂತ್ರಿ ಅರ್ಲಿ ಕರಿಯರ್ ಅನುದಾನ ಇದೆ, ಮೂರು ವರ್ಷಕ್ಕೆ 60 ಲಕ್ಷದವರೆಗೆ. ಗಣಿತ ಮತ್ತು ಸೈದ್ಧಾಂತಿಕ ವಿಜ್ಞಾನದವರಿಗೆ ಮ್ಯಾಟ್ರಿಕ್ಸ್ ಯೋಜನೆ. ಹಣ ಕಡಿಮೆ, ತಾಪತ್ರಯವೂ ಕಡಿಮೆ. ಜೀವವಿಜ್ಞಾನದ ಅನ್ವಯಕ್ಕೆ ಜೈವಿಕ ತಂತ್ರಜ್ಞಾನ ಇಲಾಖೆ (ಡಿಬಿಟಿ), ರೋಗ ಮತ್ತು ಸಾರ್ವಜನಿಕ ಆರೋಗ್ಯಕ್ಕೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್), ಹವಾಮಾನ–ಸಾಗರ–ಭೂವಿಜ್ಞಾನಕ್ಕೆ ಭೂವಿಜ್ಞಾನ ಸಚಿವಾಲಯ. ವಿಭಾಗಕ್ಕೆ ಒಟ್ಟಾಗಿ ಮೂಲಸೌಕರ್ಯ ಬೇಕಿದ್ದರೆ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ (ಡಿಎಸ್‌ಟಿ) ಫಿಸ್ಟ್ ಯೋಜನೆ.

ಕರ್ನಾಟಕದಲ್ಲಿ ಇರುವವರು ರಾಜ್ಯದ ಹಣವನ್ನು ಮರೆಯುವುದೇ ಹೆಚ್ಚು. ವಿಷನ್ ಗ್ರೂಪ್ ಆನ್ ಸೈನ್ಸ್ ಅಂಡ್ ಟೆಕ್ನಾಲಜಿ, ಎಂದರೆ ವಿಜಿಎಸ್‌ಟಿ, ಕಾಲೇಜುಗಳಿಗೆ ಕೆ–ಫಿಸ್ಟ್ ಮತ್ತು ಯುವ ವಿಜ್ಞಾನಿಗಳಿಗೆ ಬೀಜಧನ ಯೋಜನೆಗಳನ್ನು ನಡೆಸುತ್ತ ಬಂದಿದೆ. 1975ರಿಂದ ಐಐಎಸ್‌ಸಿ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ (ಕೆಎಸ್‌ಸಿಎಸ್‌ಟಿ) ಎಂಜಿನಿಯರಿಂಗ್ ವಿದ್ಯಾರ್ಥಿಗಳ ಅಂತಿಮ ವರ್ಷದ ಪ್ರಾಜೆಕ್ಟಿಗೆ ನೆರವು ಕೊಡುತ್ತದೆ. ಮೊತ್ತ ಚಿಕ್ಕದಾದರೂ ಮುಂದಿನ ಅರ್ಜಿಯಲ್ಲಿ ‘ಹಿಂದೆ ಪಡೆದ ಅನುದಾನ’ ಎಂಬ ಕಾಲಂ ಖಾಲಿ ಉಳಿಯುವುದಿಲ್ಲ.

ನಾನು ಅತಿಥಿ ಉಪನ್ಯಾಸಕ. ಪಿಐ ಆಗಬಹುದೇ?

ಮುಖ್ಯ ಯೋಜನೆಗಳಲ್ಲಿ ಆಗದು. ಪ್ರಧಾನ ಸಂಶೋಧಕರು, ಅಂದರೆ ಪಿಐ, ಸಂಸ್ಥೆಯಲ್ಲಿ ಕಾಯಂ ಹುದ್ದೆಯಲ್ಲಿರಬೇಕೆಂದು ಬಹುತೇಕ ಕರೆಗಳು ಕೇಳುತ್ತವೆ. ಪಿಎಚ್‌ಡಿ ಆಗಿದ್ದು ಹುದ್ದೆ ಇಲ್ಲದವರಿಗೆ ರಾಷ್ಟ್ರೀಯ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್, ವೃತ್ತಿಯಿಂದ ಬಿಡುವು ತೆಗೆದುಕೊಂಡ ಮಹಿಳೆಯರಿಗೆ ಡಿಎಸ್‌ಟಿಯ ವೈಸ್–ಕಿರಣ್ ಅಡಿಯ ಯೋಜನೆಗಳಿವೆ. ಅಲ್ಲಿ ಆತಿಥೇಯ ಸಂಸ್ಥೆಯ ಒಪ್ಪಿಗೆ ಪತ್ರ ಸಾಕು.

ಪರಿಶೀಲಕರು ಪ್ರಸ್ತಾವದಲ್ಲಿ ಮೊದಲು ಏನು ನೋಡುತ್ತಾರೆ?

ಉದ್ದೇಶಗಳ ಪುಟ. ಮೂರು ವರ್ಷದ ಯೋಜನೆಗೆ ಮೂರು ಉದ್ದೇಶ ಸರಿಹೋಗುತ್ತದೆ, ನಾಲ್ಕು ತುಸು ಹೆಚ್ಚು. ಏಳೆಂಟು ಬರೆದವರಿಗೆ ಕೆಲಸದ ಅಂದಾಜಿಲ್ಲ ಎಂದೇ ಅವರು ಭಾವಿಸುತ್ತಾರೆ. ‘ಅಧ್ಯಯನ ಮಾಡುವುದು’ ಎಂಬುದು ಉದ್ದೇಶವಲ್ಲ. ಮುಗಿದಿದೆಯೋ ಇಲ್ಲವೋ ಎಂದು ಮೂರನೆಯವರು ಹೇಳುವಂತಿರಬೇಕು. ‘ರಾಗಿಯ ಬರ ಸಹಿಷ್ಣುತೆಯ ಅಧ್ಯಯನ’ ಎನ್ನುವ ಬದಲು ‘ಇಂತಿಷ್ಟು ತಳಿಗಳನ್ನು ಹೂಬಿಡುವ ಹಂತದಲ್ಲಿ ಇಂತಿಷ್ಟು ದಿನ ನೀರಿಲ್ಲದೆ ಬೆಳೆಸಿ ಕಾಳಿನ ಇಳುವರಿ ಅಳೆಯುವುದು’ ಎಂದು ಬರೆಯಿರಿ.

ಆಮೇಲೆ ಪ್ರಾಥಮಿಕ ದತ್ತಾಂಶ. ಹೊಸಬರಿಗೆ ಅದಿರುವುದಿಲ್ಲವೆಂದು ಎಲ್ಲರಿಗೂ ಗೊತ್ತು, ಆದರೂ ಕೇಳುತ್ತಾರೆ. ಒಂದೇ ಒಂದು ನಕ್ಷೆ ಇದ್ದರೂ ಹಾಕಿ. ಎರಡನೇ ಹೆಜ್ಜೆ ಕೈಕೊಟ್ಟರೆ ಏನು ಮಾಡುತ್ತೀರಿ ಎಂದೂ ಒಂದು ಪ್ಯಾರಾ ಇರಲಿ. ನಮ್ಮಲ್ಲಿ ಇದನ್ನು ಬರೆಯುವವರು ಕಡಿಮೆ. ಸೋಲಿನ ಸಾಧ್ಯತೆ ಒಪ್ಪಿಕೊಂಡರೆ ಅಂಕ ಕಳೆಯುತ್ತಾರೆಂಬ ಭಯ ಕಾರಣವಿರಬೇಕು. ಪರಿಶೀಲಕರು ಅದನ್ನು ಅನುಭವದ ಗುರುತಾಗಿಯೇ ಓದುತ್ತಾರೆ.

ಬಜೆಟ್ ಹೇಗೆ ಹಾಕಬೇಕು?

ಎರಡು ಭಾಗ: ಸಲಕರಣೆಗಳ ಬಂಡವಾಳ ವೆಚ್ಚ ಒಂದು, ಸಿಬ್ಬಂದಿ, ರಾಸಾಯನಿಕ–ಗಾಜಿನ ಸಾಮಾನು, ಪ್ರಯಾಣ, ಸಾದಿಲ್ವಾರು, ಓವರ್‌ಹೆಡ್ ಸೇರಿದ ಸಾಮಾನ್ಯ ವೆಚ್ಚ ಇನ್ನೊಂದು. ತಪ್ಪು ನಡೆಯುವುದು ಮೂರು ಕಡೆ.

ಮೊದಲನೆಯದು ಸಿಬ್ಬಂದಿ. 2023ರ ಜನವರಿ 1ರಿಂದ ಜಾರಿಯಾದ ದರದಲ್ಲಿ ಜೂನಿಯರ್ ರಿಸರ್ಚ್ ಫೆಲೋಗೆ (ಜೆಆರ್‌ಎಫ್) ತಿಂಗಳಿಗೆ 37,000, ಎರಡು ವರ್ಷದ ನಂತರ ಸೀನಿಯರ್ ರಿಸರ್ಚ್ ಫೆಲೋ (ಎಸ್‌ಆರ್‌ಎಫ್) ಆದಾಗ 42,000. ಮೂರು ವರ್ಷಕ್ಕೆ 8,88,000 ಮತ್ತು 5,04,000 ಸೇರಿ 13,92,000 ರೂಪಾಯಿ. ಅನೇಕರು ಇಲ್ಲಿಗೇ ನಿಲ್ಲಿಸುತ್ತಾರೆ. ಮನೆ ಬಾಡಿಗೆ ಭತ್ಯೆ ಬೇರೆ ಇದೆ. ಬೆಂಗಳೂರಿನಂಥ ಎಕ್ಸ್ ದರ್ಜೆಯ ನಗರದಲ್ಲಿ 30% ಹಿಡಿದರೆ ಮೊತ್ತ 18,09,600ಕ್ಕೆ ಏರುತ್ತದೆ, ಝಡ್ ದರ್ಜೆಯ ಊರಿನಲ್ಲಿ 10% ಹಿಡಿದರೆ 15,31,200. ಭತ್ಯೆ ಬಿಟ್ಟು ಬಜೆಟ್ ಹಾಕಿದವರ ವಿದ್ಯಾರ್ಥಿಗೆ ಮೂರನೇ ವರ್ಷದ ಮಧ್ಯದಲ್ಲಿ ಸಂಬಳ ನಿಲ್ಲುತ್ತದೆ.

ಎರಡನೆಯದು ಜಿಎಸ್‌ಟಿ. ಸಂಶೋಧನಾ ಸಂಸ್ಥೆಗಳ ಸಲಕರಣೆಗಿದ್ದ 5% ರಿಯಾಯಿತಿ ದರ 2022ರ ಜುಲೈ 18ರಿಂದ ರದ್ದಾಗಿದೆ. ಈಗ ಸಾಮಾನ್ಯವಾಗಿ 18%. 20 ಲಕ್ಷದ ಉಪಕರಣ ಮೊದಲು 21 ಲಕ್ಷಕ್ಕೆ ಬರುತ್ತಿತ್ತು, ಈಗ 23.6 ಲಕ್ಷ. ಹಳೆಯ ಪ್ರಸ್ತಾವವನ್ನು ನಕಲು ಮಾಡಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಆಮದಾದರೆ ಸುಂಕವನ್ನೂ ರೂಪಾಯಿಯ ಏರಿಳಿತವನ್ನೂ ಸೇರಿಸಿ. ಕೊಟೇಶನ್ ತೆಗೆದ ದಿನಕ್ಕೂ ಹಣ ಕಟ್ಟುವ ದಿನಕ್ಕೂ ಒಂದೂವರೆ ವರ್ಷದ ಅಂತರ ಇರುವುದು ಅಪರೂಪವಲ್ಲ.

ಮೂರನೆಯದು ನಿರ್ವಹಣೆ. ವಾರ್ಷಿಕ ನಿರ್ವಹಣಾ ಒಪ್ಪಂದಕ್ಕೆ ಆಮೇಲೆ ದುಡ್ಡು ಹುಟ್ಟುವುದಿಲ್ಲ. ಆದ್ದರಿಂದ ಕೊಟೇಶನ್ ಕೇಳುವಾಗಲೇ ಮೂರು ವರ್ಷದ ಸಮಗ್ರ ವಾರಂಟಿಯನ್ನು ಉಪಕರಣದ ಬೆಲೆಯೊಳಗೇ ಸೇರಿಸಲು ಹೇಳಿ. ಯುಪಿಎಸ್, ಎಸಿ, ಗ್ಯಾಸ್ ಲೈನ್‌ಗಳನ್ನೂ ಮರೆಯಬೇಡಿ. ಕುದುರೆ ಕೊಂಡು ಲಗಾಮಿಗೆ ಕಾಸಿಲ್ಲದ ಸ್ಥಿತಿ ನಮ್ಮ ಎಷ್ಟೋ ವಿಭಾಗಗಳಲ್ಲಿ ಧೂಳು ಹಿಡಿದು ಕೂತಿದೆ.

ಉಪಕರಣ ಕೊಳ್ಳದೆಯೇ ಕೆಲಸ ಆಗುತ್ತದೆಯೇ?

ಬಹಳ ಸಲ ಆಗುತ್ತದೆ. 2020ರ ಜನವರಿಯಲ್ಲಿ ಆರಂಭವಾದ ಐ–ಸ್ಟೆಮ್ ಜಾಲತಾಣದಲ್ಲಿ ದೇಶದ ಸಂಸ್ಥೆಗಳ ಉಪಕರಣಗಳ ಪಟ್ಟಿಯಿದೆ, ಗಂಟೆಗೆ ಅಥವಾ ಸ್ಯಾಂಪಲ್‌ಗೆ ಇಷ್ಟೆಂದು ಕೊಟ್ಟು ಬಳಸಬಹುದು. ವರ್ಷಕ್ಕೆ ನಲವತ್ತು ಸ್ಯಾಂಪಲ್ ನೋಡುವವರಿಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕಿಲ್ಲ. ವಿಶ್ಲೇಷಣಾ ಶುಲ್ಕವನ್ನು ಸಾದಿಲ್ವಾರಿನಲ್ಲಿ ತೋರಿಸಿ. ಹತ್ತಿರದಲ್ಲೇ ಇರುವ ಉಪಕರಣವನ್ನು ಮತ್ತೆ ಕೇಳಿದರೆ ಸಮಿತಿ ಆ ಹೆಡ್ಡನ್ನೇ, ಅಂದರೆ ಆ ವೆಚ್ಚದ ಬಾಬನ್ನೇ ಕತ್ತರಿಸುತ್ತದೆ.

ಯಾವ ಅನುಮತಿಗಳು ಮೊದಲೇ ಬೇಕು?

ಮನುಷ್ಯರ ಮೇಲಿನ ಅಧ್ಯಯನಕ್ಕೆ ನೈತಿಕ ಸಮಿತಿ, ಪ್ರಾಣಿಗಳಿಗೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ, ಜೀನ್ ಮಾರ್ಪಾಡಿಗೆ ಸಾಂಸ್ಥಿಕ ಜೈವಿಕ ಸುರಕ್ಷತಾ ಸಮಿತಿ. ಅಪಾಯ ಹೆಚ್ಚಿನ ಕೆಲಸವಾದರೆ ಡಿಬಿಟಿಯ ಆರ್‌ಸಿಜಿಎಂ ಎಂಬ ಪರಿಶೀಲನಾ ಸಮಿತಿ ಕೂಡ. ವಿದೇಶಿ ಪಾಲುದಾರರಿಗೆ ಜೈವಿಕ ಮಾದರಿ ಕಳಿಸುವುದಿದ್ದರೆ 2002ರ ಜೀವವೈವಿಧ್ಯ ಕಾಯ್ದೆಯ ನಿಯಮಗಳಿವೆ. ಅರ್ಜಿಯ ದಿನ ಪತ್ರ ಇಲ್ಲದಿದ್ದರೂ ಕೆಲವರು ಒಪ್ಪುತ್ತಾರೆ, ಆದರೆ ಹಣ ಬಿಡುಗಡೆಗೆ ಮೊದಲು ಅದನ್ನು ಕೇಳದೆ ಯಾರೂ ಬಿಡುವುದಿಲ್ಲ. ಸಮಿತಿಗಳು ಸಭೆ ಸೇರುವುದು ತಿಂಗಳುಗಟ್ಟಲೆಗೊಮ್ಮೆ.

ಮಂಜೂರಾತಿ ಪತ್ರ ಬಂದಿದೆ, ಹಣ ಬಂದಿಲ್ಲ. ಏಕೆ?

ಸರ್ಕಾರದ ಹಣ ಹರಿಯುವ ಪಿಎಫ್‌ಎಂಎಸ್ ಜಾಲತಾಣದಲ್ಲಿ ಸಂಸ್ಥೆ ಸರಿಯಾಗಿ ನೋಂದಾಯಿಸಿಲ್ಲದಿರುವುದು, ಖಾತೆಯ ಹೆಸರಿಗೂ ಸಂಸ್ಥೆಯ ಹೆಸರಿಗೂ ಒಂದಕ್ಷರ ವ್ಯತ್ಯಾಸ ಇರುವುದು, ಅದೇ ಸಂಸ್ಥೆಯ ಬೇರೊಬ್ಬರ ಹಳೇ ಯೋಜನೆಯ ಯುಸಿ ಬಾಕಿ ಇರುವುದು. ಕೊನೆಯದು ಅನ್ಯಾಯವೆನಿಸಿದರೂ ನಡೆಯುತ್ತದೆ.

ಇನ್ನೊಂದು ಬದಲಾವಣೆಯೂ ಇದೆ. ಹಿಂದೆ ಅನುದಾನ ಸಂಸ್ಥೆಯ ಬ್ಯಾಂಕ್ ಖಾತೆಗೆ ಬಂದು ಕೂರುತ್ತಿತ್ತು. ಈಗ ಅನೇಕ ಯೋಜನೆಗಳಲ್ಲಿ ಶೂನ್ಯ ಶಿಲ್ಕಿನ ಖಾತೆ ಇರುತ್ತದೆ, ಅದಕ್ಕೆ ಬರುವುದು ಖರ್ಚಿನ ಮಿತಿ ಮಾತ್ರ. ಮಾರ್ಚ್ 31ರೊಳಗೆ ಬಳಸದ ಮಿತಿ ಸರ್ಕಾರಕ್ಕೆ ವಾಪಸ್. ಹೊಸ ವರ್ಷಕ್ಕೆ ಮತ್ತೆ ಮಿತಿ ಬರುವವರೆಗೆ ಏಪ್ರಿಲ್, ಮೇ, ಕೆಲವೊಮ್ಮೆ ಜೂನ್ ತನಕವೂ ಬರಗಾಲ. ಸಂಶೋಧನಾ ವಿದ್ಯಾರ್ಥಿಯ ಸಂಬಳಕ್ಕೆ ಸಂಸ್ಥೆ ಮುಂಗಡ ಕೊಡುತ್ತದೆಯೇ ಎಂಬುದನ್ನು ಹಣಕಾಸು ಅಧಿಕಾರಿಯ ಹತ್ತಿರ ಜನವರಿಯಲ್ಲೇ ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಖರೀದಿಗೆ ಟೆಂಡರ್ ಯಾವಾಗ ಬೇಕು?

2025ರ ಜೂನ್‌ನಲ್ಲಿ ಘೋಷಿಸಿದ ಸಡಿಲಿಕೆಯ ಪ್ರಕಾರ ಕೇಂದ್ರದ ವೈಜ್ಞಾನಿಕ ಇಲಾಖೆಗಳ ಸಂಸ್ಥೆಗಳಲ್ಲಿ 2 ಲಕ್ಷದವರೆಗೆ ಕೊಟೇಶನ್ ಇಲ್ಲದೆ, 2ರಿಂದ 25 ಲಕ್ಷದವರೆಗೆ ಖರೀದಿ ಸಮಿತಿಯ ಮೂಲಕ ಕೊಳ್ಳಬಹುದು. ಮೊದಲು ಈ ಮಿತಿಗಳು 1 ಲಕ್ಷ ಮತ್ತು 10 ಲಕ್ಷ ಇದ್ದವು. ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್ ಬಿಟ್ಟು ಹೊರಗೆ ಕೊಳ್ಳಲು ನಿರ್ದೇಶಕರೇ ಅನುಮತಿ ಕೊಡಬಹುದು, 200 ಕೋಟಿವರೆಗಿನ ಜಾಗತಿಕ ಟೆಂಡರ್ ಕೂಡ ಅವರ ಮಟ್ಟದಲ್ಲೇ ಮುಗಿಯುತ್ತದೆ.

ಆದರೆ ನೀವು ರಾಜ್ಯ ವಿಶ್ವವಿದ್ಯಾಲಯದಲ್ಲಿದ್ದರೆ ಇದು ತಾನಾಗಿ ಅನ್ವಯಿಸುತ್ತದೆಂದು ನಂಬಬೇಡಿ. ಕರ್ನಾಟಕದಲ್ಲಿ ಸಾರ್ವಜನಿಕ ಖರೀದಿಗೆ ಕೆಟಿಪಿಪಿ ಕಾಯ್ದೆ, 1999 ಇದೆ. ಯಾವ ನಿಯಮ ಹಿಡಿಯಬೇಕೆಂದು ಲೆಕ್ಕಪತ್ರ ವಿಭಾಗದಿಂದ ಲಿಖಿತವಾಗಿ ಕೇಳಿ. ಮಿತಿಯೊಳಗೆ ತರಲು ಒಂದು ಖರೀದಿಯನ್ನು ಮೂರು ಬಿಲ್ ಮಾಡುವುದನ್ನು ಮಾತ್ರ ಮಾಡಬೇಡಿ. ಆಡಿಟ್‌ನವರು ಮೊದಲು ಹುಡುಕುವುದೇ ಅದನ್ನು: ಒಂದೇ ವಾರ, ಒಂದೇ ಅಂಗಡಿ, ಮೂರು ಬಿಲ್.

ಯುಸಿ ಎಂದರೇನು? ಏಕೆ ಇಷ್ಟು ರಗಳೆ?

ಯುಟಿಲೈಸೇಶನ್ ಸರ್ಟಿಫಿಕೇಟ್, ಬಳಕೆ ಪ್ರಮಾಣಪತ್ರ. ಸಾಮಾನ್ಯ ಹಣಕಾಸು ನಿಯಮಗಳು 2017ರ ನಿಯಮ 238ರಂತೆ, ಜಿಎಫ್‌ಆರ್ 12–ಎ ನಮೂನೆಯಲ್ಲಿ ಕೊಡಬೇಕು. ನಿಯಮದ ಪ್ರಕಾರ ಹಣಕಾಸು ವರ್ಷ ಮುಗಿದ ಹನ್ನೆರಡು ತಿಂಗಳೊಳಗೆ ಕೊಟ್ಟರಾಯಿತು. ಆದರೆ ಮುಂದಿನ ಕಂತು ಬರುವುದು ಯುಸಿ, ಖರ್ಚಿನ ತಃಖ್ತೆ, ಪ್ರಗತಿ ವರದಿ ಮೂರೂ ತಲುಪಿದ ಮೇಲೆ. ಆ ಹನ್ನೆರಡು ತಿಂಗಳನ್ನು ಬಳಸಿಕೊಂಡವರು ಒಂದು ವರ್ಷ ಹಣವಿಲ್ಲದೆ ಕೂರುತ್ತಾರೆ. ಏಪ್ರಿಲ್‌ನಲ್ಲೇ ಕಳಿಸಿ; ಲೆಕ್ಕಪರಿಶೋಧನೆ ಆಗದಿದ್ದರೆ ತಾತ್ಕಾಲಿಕ ಯುಸಿ ಒಪ್ಪುತ್ತಾರೆಯೇ ಎಂದು ಕೇಳಿ.

ವಾಪಸ್ ಬರಲು ಕಾರಣಗಳು ಪ್ರತಿ ವರ್ಷ ಅವೇ. ಯೋಜನೆಯ ವರ್ಷಕ್ಕೆ ಲೆಕ್ಕ ಹಾಕಿರುತ್ತಾರೆ, ಬೇಕಾದ್ದು ಏಪ್ರಿಲ್ 1ರಿಂದ ಮಾರ್ಚ್ 31ಕ್ಕೆ. ಬಂಡವಾಳ ಮತ್ತು ಸಾಮಾನ್ಯ ವೆಚ್ಚವನ್ನು ಒಂದೇ ಪತ್ರದಲ್ಲಿ ಕಲಸಿರುತ್ತಾರೆ. ಹಿಂದಿನ ವರ್ಷದ ಅಂತಿಮ ಶಿಲ್ಕು ಈ ವರ್ಷದ ಆರಂಭಿಕ ಶಿಲ್ಕಿಗೆ ಹೊಂದುವುದಿಲ್ಲ. ಆರ್ಡರ್ ಕೊಟ್ಟು ಹಣ ಕಟ್ಟದ ಉಪಕರಣವನ್ನು ಖರ್ಚೆಂದು ತೋರಿಸಿರುತ್ತಾರೆ. ಅದು ಬದ್ಧವೆಚ್ಚ, ಬೇರೆ ಕಾಲಂ. ಬಡ್ಡಿ ಶೂನ್ಯವೆಂದು ಬರೆದಿರುತ್ತಾರೆ, ಪಾಸ್‌ಬುಕ್ ಬೇರೆ ಹೇಳುತ್ತದೆ. ಅನುದಾನದ ಮೇಲಿನ ಬಡ್ಡಿ ನಿಮ್ಮದಲ್ಲ, ನಿಯಮ 230(8)ರಂತೆ ಭಾರತದ ಸಂಚಿತ ನಿಧಿಗೆ ಕಟ್ಟಬೇಕು. ಸರ್ಕಾರದ ಆನ್‌ಲೈನ್ ಪಾವತಿ ತಾಣ ಭಾರತ್‌ಕೋಶ್ ಮೂಲಕ ಕಟ್ಟಿ ರಸೀದಿ ಲಗತ್ತಿಸಿ.

ಪ್ರತಿ ಬಿಲ್ಲಿನ ಮೇಲೆ ಯೋಜನೆಯ ಸಂಖ್ಯೆ, ಹೆಡ್, ದಾಸ್ತಾನು ಪುಸ್ತಕದ ಪುಟಸಂಖ್ಯೆ ಅಂದಂದೇ ಬರೆದಿಡುವವರಿಗೆ ಯುಸಿ ಅರ್ಧ ದಿನದ ಕೆಲಸ.

ಪ್ರಯಾಣದ ಹಣ ಉಳಿದಿದೆ, ರಾಸಾಯನಿಕಕ್ಕೆ ಬಳಸಲೇ?

ಸಾಮಾನ್ಯ ವೆಚ್ಚದೊಳಗಿನ ಬದಲಾವಣೆಗೆ ಕೆಲವು ಸಂಸ್ಥೆಗಳು ಒಂದಿಷ್ಟು ಸ್ವಾತಂತ್ರ್ಯ ಕೊಡುತ್ತವೆ; ಮಂಜೂರಾತಿ ಆದೇಶದ ಷರತ್ತುಗಳಲ್ಲಿ ನೋಡಿ. ಬಂಡವಾಳದಿಂದ ಸಾಮಾನ್ಯಕ್ಕೆ ಅಥವಾ ತಿರುಗಾ ಹೋಗಲು ಮೊದಲೇ ಅನುಮತಿ ಬೇಕೇ ಬೇಕು. ಖರ್ಚು ಮಾಡಿ ಆಮೇಲೆ ಕೇಳಿದರೆ ಆ ಹಣ ಸಂಸ್ಥೆಯ ಕೈಯಿಂದ ಹೋಗುತ್ತದೆ.

ಅನುದಾನದ ಮೇಲೂ ಜಿಎಸ್‌ಟಿ ಇದೆಯೇ?

ಕೆಲವು ದೊಡ್ಡ ಸಂಸ್ಥೆಗಳಿಗೆ ನೋಟಿಸ್ ಹೋಗಿ ಗದ್ದಲವಾದ ಮೇಲೆ 2024ರ ಸೆಪ್ಟೆಂಬರ್‌ನ ಜಿಎಸ್‌ಟಿ ಮಂಡಳಿ ಸಭೆಯಲ್ಲಿ ವಿನಾಯಿತಿ ತೀರ್ಮಾನವಾಯಿತು, ಅಕ್ಟೋಬರ್ 10ರಿಂದ ಜಾರಿ. ಸರ್ಕಾರಿ ಸಂಸ್ಥೆಗಳಿಗೆ, ಮತ್ತು ಆದಾಯ ತೆರಿಗೆ ಕಾಯ್ದೆ 1961ರ ಸೆಕ್ಷನ್ 35ರಡಿ ಅಧಿಸೂಚಿತವಾದ ವಿಶ್ವವಿದ್ಯಾಲಯ, ಕಾಲೇಜು, ಸಂಶೋಧನಾ ಸಂಘಗಳಿಗೆ ಅನ್ವಯ. ಖಾಸಗಿ ಕಾಲೇಜಿನವರು ತಮ್ಮ ಅಧಿಸೂಚನೆ ಚಾಲ್ತಿಯಲ್ಲಿದೆಯೇ ನೋಡಿಕೊಳ್ಳಬೇಕು. ಕೊಳ್ಳುವ ವಸ್ತುವಿನ ತೆರಿಗೆಗೆ ಇದು ಸಂಬಂಧಿಸಿದ್ದಲ್ಲ.

ಸ್ಟಾರ್ಟಪ್‌ಗೆ ಅನುದಾನ?

ಮಾದರಿ ತಯಾರಿಕೆಗೆ ಡಿಎಸ್‌ಟಿಯ ನಿಧಿ–ಪ್ರಯಾಸ್ ಯೋಜನೆ, 10 ಲಕ್ಷದವರೆಗೆ. ಜೈವಿಕ ತಂತ್ರಜ್ಞಾನಕ್ಕೆ ಡಿಬಿಟಿಯ ಅಡಿಯ ಬಿರಾಕ್ ಸಂಸ್ಥೆಯ ಬಿಗ್ ಅನುದಾನ, 18 ತಿಂಗಳಿಗೆ 50 ಲಕ್ಷದವರೆಗೆ. ಕರೆ ಸಾಮಾನ್ಯವಾಗಿ ಜನವರಿ 1 ಮತ್ತು ಜುಲೈ 1ಕ್ಕೆ ತೆರೆಯುತ್ತದೆ. ಕರ್ನಾಟಕದ ಎಲಿವೇಟ್‌ನಲ್ಲಿ 50 ಲಕ್ಷದವರೆಗೆ. ಇವು ಗುರಿಗಳಿಗೆ ಕಟ್ಟಿದ ಕಂತುಗಳು. ಗುರಿ ಬರೆಯುವಾಗ ‘ಉತ್ಪನ್ನ ಸಿದ್ಧ’ ಎಂದು ಹಿಗ್ಗಿಸಿ ಬರೆದವರಿಗೆ ಎರಡನೇ ಕಂತೇ ಬರುವುದಿಲ್ಲ.

ಪೇಟೆಂಟ್ ಯಾರದ್ದು?

ಸಾಮಾನ್ಯವಾಗಿ ಆತಿಥೇಯ ಸಂಸ್ಥೆಯದ್ದು. ತನ್ನ ಬಳಕೆಗೆ ರಾಯಧನವಿಲ್ಲದ ಹಕ್ಕನ್ನು ಸರ್ಕಾರ ಇಟ್ಟುಕೊಳ್ಳುತ್ತದೆ. ಪ್ರಬಂಧ ಪ್ರಕಟಿಸುವ ಮೊದಲು ತಾತ್ಕಾಲಿಕ ಅರ್ಜಿ ಹಾಕಿ, ಪೂರ್ಣ ವಿವರಣೆಗೆ ಆಮೇಲೆ 12 ತಿಂಗಳ ಸಮಯವಿದೆ. 2021ರಿಂದ ಶಿಕ್ಷಣ ಸಂಸ್ಥೆಗಳಿಗೆ ಶುಲ್ಕದಲ್ಲಿ 80% ಕಡಿತವಿದೆ.

ಅರ್ಜಿ ತಿರಸ್ಕೃತವಾಯಿತು. ಅದನ್ನೇ ಮತ್ತೆ ಹಾಕಬಹುದೇ?

ಹಾಕಬಹುದು, ಪರಿಶೀಲಕರ ಟಿಪ್ಪಣಿ ಸಿಕ್ಕಿದ್ದರೆ ಒಂದೊಂದಕ್ಕೂ ಏನು ಬದಲಿಸಿದಿರೆಂದು ಮೊದಲ ಪುಟದಲ್ಲೇ ಹೇಳಿ. ಟಿಪ್ಪಣಿ ಕಳಿಸದಿದ್ದರೆ ಕೇಳಿ ಪಡೆಯಿರಿ. ಒಂದೇ ಪ್ರಸ್ತಾವವನ್ನು ಏಕಕಾಲದಲ್ಲಿ ಎರಡು ಕಡೆ ಮುಚ್ಚಿಟ್ಟು ಹಾಕಬೇಡಿ. ಸಣ್ಣ ಕ್ಷೇತ್ರಗಳಲ್ಲಿ ಪರಿಶೀಲಕರು ಅವರೇ ಇರುತ್ತಾರೆ, ಎರಡೂ ಪ್ರತಿಗಳು ಒಂದೇ ಮೇಜಿಗೆ ಬರುತ್ತವೆ.

ಯೋಜನೆ ನಡುವೆ ಪಿಐ ಬೇರೆ ಸಂಸ್ಥೆಗೆ ಹೋದರೆ?

ಮೂರು ಪತ್ರ ಬೇಕು: ಹಳೇ ಸಂಸ್ಥೆಯ ನಿರಾಕ್ಷೇಪಣೆ, ಹೊಸ ಸಂಸ್ಥೆಯ ಒಪ್ಪಿಗೆ, ಅನುದಾನ ಕೊಟ್ಟವರ ಅನುಮತಿ. ಅದುವರೆಗಿನ ಲೆಕ್ಕ ಮುಗಿಸಿ, ಉಳಿದ ಹಣ ಹಿಂದಿರುಗಿಸಿ, ಹೊಸ ಸಂಸ್ಥೆಯ ಹೆಸರಿಗೆ ಬಿಡುಗಡೆ ಮಾಡಿಸಿಕೊಳ್ಳಬೇಕು. ಆರು ತಿಂಗಳು ಹಿಡಿದರೆ ಆಶ್ಚರ್ಯವಿಲ್ಲ. ಜಗಳ ಬರುವುದು ಉಪಕರಣದ ಬಗ್ಗೆ. ಸರ್ಕಾರದ ಹಣದಲ್ಲಿ ಕೊಂಡ ಆಸ್ತಿಯನ್ನು ಅನುಮತಿಯಿಲ್ಲದೆ ಮಾರುವಂತಿಲ್ಲ, ಸಾಗಿಸುವಂತೆಯೂ ಇಲ್ಲ. ಹಳೇ ಸಂಸ್ಥೆ ಬಿಟ್ಟುಕೊಡದಿದ್ದರೆ ಅದು ಅಲ್ಲೇ ಉಳಿಯುತ್ತದೆ. ಲ್ಯಾಪ್‌ಟಾಪ್ ಕೂಡ ಈ ಪಟ್ಟಿಯಲ್ಲಿದೆ. ಹೊರಡುವ ಮುನ್ನ ಆಸ್ತಿ ನೋಂದಣಿ ಪುಸ್ತಕದ ಪ್ರಕಾರ ಒಂದೊಂದೇ ವಸ್ತು ಒಪ್ಪಿಸಿ ಸಹಿ ತೆಗೆದುಕೊಳ್ಳಿ.